ಗ್ರೇಸ್ ನೋಟ್, ಚಿಕ್ಕ ನೋಟ್: ಯಾವ ಕೆಲಸಕ್ಕೆ ಯಾವ ನೊಟೇಶನ್ ಸಾಫ್ಟ್‌ವೇರ್?

ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮಾಮೂಲಿಗಿಂತ ಸಣ್ಣ ತಲೆ, ಸಣ್ಣ ಕಡ್ಡಿ, ಅಷ್ಟೇ. ಆದರೆ ಸಾಫ್ಟ್‌ವೇರಿನ ಲೆಕ್ಕದಲ್ಲಿ ಗ್ರೇಸ್ ನೋಟೇ ಬೇರೆ, ಚಿಕ್ಕ ನೋಟೇ ಬೇರೆ. ಗ್ರೇಸ್ ನೋಟ್ ಅಂದರೆ ಮುಖ್ಯ ಸ್ವರಕ್ಕೆ ಅಂಟಿಕೊಂಡು ಬರುವ ಅಲಂಕಾರದ ಸ್ವರ. ಅದಕ್ಕೆ ಬಾರಿನಲ್ಲಿ, ಅಂದರೆ ಎರಡು ನಿಲುವುಗೆರೆಗಳ ನಡುವಿನ ತಾಳದ ಲೆಕ್ಕದಲ್ಲಿ, ಪಾಲಿಲ್ಲ. ನಾಲ್ಕು ಬೀಟಿನ ಬಾರಿಗೆ ಹತ್ತು ಗ್ರೇಸ್ ನೋಟ್ ಸೇರಿಸಿದರೂ ಬಾರು ನಾಲ್ಕೇ ಬೀಟಿನದ್ದಾಗಿ ಉಳಿಯುತ್ತದೆ. ಚಿಕ್ಕ ನೋಟು ಮಾತ್ರ ತನ್ನ ಅವಧಿಯನ್ನು ಪೂರ್ತಿಯಾಗಿ ತೆಗೆದುಕೊಳ್ಳುವ ನೋಟು. ಬರೆದ ಗಾತ್ರವೊಂದೇ ಕಡಿಮೆ. ಸೋಲೋ ವಾದಕರ ಪುಟದಲ್ಲಿ ಪಕ್ಕದ ವಾದ್ಯದ ಸುಳಿವು, ಹಾಡಿನ ಎರಡನೇ ಚರಣಕ್ಕೆ ಬೇರೆಯಾಗುವ ಒಂದೆರಡು ಸ್ವರ, 'ಬೇಕಾದರೆ ನುಡಿಸಿ' ಅನ್ನುವ ಸ್ವರ, ಪಿಯಾನೋ ಕೃತಿಗಳಲ್ಲಿ ತಾಳದ ಕಟ್ಟಿಲ್ಲದೆ ನುಡಿಸುವ ಕೆಡೆಂಜಾ, ಇವೆಲ್ಲ ಚಿಕ್ಕ ನೋಟುಗಳು.

ಈ ವ್ಯತ್ಯಾಸ ಗೊತ್ತಿಲ್ಲದೆ ಸಾಫ್ಟ್‌ವೇರ್ ಆರಿಸಿದರೆ ತೊಂದರೆ ಬರುವುದು ಆಮೇಲೆ, ಅರ್ಧ ಪುಟ ಬರೆದಾದ ಮೇಲೆ. ಚಿಕ್ಕದಾಗಿ ಕಾಣಲಿ ಅಂತ ಗ್ರೇಸ್ ನೋಟ್ ಹಾಕಿರುತ್ತೇವೆ, ಎಡಗೈ ಸಾಲಿಗೂ ಬಲಗೈ ಸಾಲಿಗೂ ಹೊಂದಿಕೆಯೇ ಆಗುವುದಿಲ್ಲ. ಇಲ್ಲವೇ ಗ್ರೇಸ್ ಬೇಕಿದ್ದ ಕಡೆ ಚಿಕ್ಕ ಗಾತ್ರದ ಮೂವತ್ತೆರಡನೇ ಭಾಗದ ನೋಟ್ ತುರುಕಿ, ಬಾರು ತುಂಬಿಸಲು ಪಕ್ಕದ ನೋಟನ್ನು ಕತ್ತರಿಸಿರುತ್ತೇವೆ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಬೆಲೆಯನ್ನೋ ನೋಟವನ್ನೋ ಮುಂದಿಡುವುದಿಲ್ಲ. ಮ್ಯೂಸ್‌ಸ್ಕೋರ್, ಸಿಬೆಲಿಯಸ್, ಡೋರಿಕೋ, ಲಿಲಿಪಾಂಡ್ ಈ ನಾಲ್ಕೂ ಸಣ್ಣ ನೋಟನ್ನು ಹೇಗೆ ನಡೆಸಿಕೊಳ್ಳುತ್ತವೆ ಅನ್ನುವುದಷ್ಟನ್ನೇ ನೋಡೋಣ. ಈಗ ನಿಂತುಹೋಗಿರುವ ಫಿನಾಲೆ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದವರಿಗೆ ಕೊನೆಯಲ್ಲಿ ಬೇರೆಯಾಗಿ ಹೇಳಬೇಕಾದದ್ದಿದೆ.

ಮೊದಲು ನೋಟ್, ಆಮೇಲೆ ಗ್ರೇಸ್? ಅಥವಾ ಓದುವ ಕ್ರಮದಲ್ಲೇ?

ದಿನನಿತ್ಯದ ಬಳಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅರಿವಿಗೆ ಬರುವ ವ್ಯತ್ಯಾಸ ಇದು. ಮ್ಯೂಸ್‌ಸ್ಕೋರ್‌ನಲ್ಲಿ ಮುಖ್ಯ ನೋಟನ್ನು ಮೊದಲು ಬರೆಯಬೇಕು. ಅದನ್ನು ಆಯ್ದುಕೊಂಡು ಗ್ರೇಸ್ ನೋಟ್ ಪ್ಯಾಲೆಟ್‌ನಲ್ಲಿ ಬೇಕಾದದ್ದನ್ನು ಒತ್ತಿದರೆ ಅದರ ಎಡಕ್ಕೆ ಒಂದು ಸಣ್ಣ ನೋಟ್ ಬಂದು ಕೂರುತ್ತದೆ. ಅಡ್ಡಗೆರೆಯಿರುವ ಅಚ್ಚಾಕಟೂರಾ ಬೇಕಿದ್ದರೆ ಪ್ಯಾಲೆಟ್ ಕೂಡ ಬೇಡ, ಕೀಬೋರ್ಡಿನ ಓರೆಗೆರೆ ಕೀ ಒತ್ತಿದರೆ ಸಾಕು. ಹೀಗೆ ಬಂದ ಗ್ರೇಸ್ ಮೊದಲಿಗೆ ಮುಖ್ಯ ನೋಟಿನ ಸ್ಥಾನದಲ್ಲೇ ಇರುತ್ತದೆ. ಮೇಲೆ ಕೆಳಗೆ ಬಾಣದ ಕೀಗಳಿಂದ ಅದನ್ನು ಅದರ ಜಾಗಕ್ಕೆ ಸರಿಸಬೇಕು. ಎರಡು ಮೂರು ಗ್ರೇಸ್ ಬೇಕಿದ್ದರೆ ಅದನ್ನೇ ಮತ್ತೆ ಮತ್ತೆ ಒತ್ತುವುದು.

ಸಿಬೆಲಿಯಸ್ ಮತ್ತು ಡೋರಿಕೋದಲ್ಲಿ ಕೈ ಹೋಗುವ ದಾರಿ ಬೇರೆ. ಸಿಬೆಲಿಯಸ್‌ನಲ್ಲಿ ಎಫ್8 ಒತ್ತಿದರೆ ಕೀಪ್ಯಾಡಿನ ಎರಡನೇ ಪುಟ ತೆರೆಯುತ್ತದೆ. ಗ್ರೇಸ್ ನೋಟ್ ಮತ್ತು ಕ್ಯೂ ಗಾತ್ರದ ನೋಟ್ (ಮೇಲೆ ಹೇಳಿದ ಚಿಕ್ಕ ನೋಟು) ಎರಡರ ಗುಂಡಿಗಳೂ ಅಲ್ಲೇ ಇವೆ. ಗ್ರೇಸ್ ಗುಂಡಿ ಒತ್ತಿ ಸ್ವರದ ಅಕ್ಷರ ಒತ್ತುತ್ತಾ ಹೋದರೆ, ಅದನ್ನು ಬಿಡಿಸುವ ತನಕ ಬರುವುದೆಲ್ಲ ಗ್ರೇಸೇ. ಡೋರಿಕೋದಲ್ಲಿ ನೋಟ್ ಬರೆಯುವ ಹಂತದಲ್ಲೇ ಓರೆಗೆರೆ ಕೀ ಒತ್ತಿದರೆ ಗ್ರೇಸ್ ಶುರು, ಮತ್ತೊಮ್ಮೆ ಒತ್ತಿದರೆ ಮಾಮೂಲಿ. ಕಡ್ಡಿಯ ಮೇಲೆ ಅಡ್ಡಗೆರೆ ಬೇಕೋ ಬೇಡವೋ ಅನ್ನುವುದನ್ನು ಆಲ್ಟ್ ಜೊತೆ ಅದೇ ಕೀ ಒತ್ತಿ ಬದಲಿಸಿಕೊಳ್ಳಬಹುದು. ಸಂಗೀತವನ್ನು ಎಡದಿಂದ ಬಲಕ್ಕೆ ಓದುವ ಕ್ರಮದಲ್ಲೇ ಟೈಪ್ ಮಾಡುವವರಿಗೆ ಇದು ತುಂಬ ಹಿತ. ಅಚ್ಚಾದ ಪುಟವನ್ನು ಮುಂದಿಟ್ಟುಕೊಂಡು ಉದ್ದುದ್ದ ಪಿಯಾನೋ ಕೃತಿಗಳನ್ನು ಪ್ರತಿ ಮಾಡುವ ಕೆಲಸವಿದ್ದರೆ ಈ ಎರಡರಲ್ಲಿ ಒಂದಕ್ಕೆ ದುಡ್ಡು ಕೊಟ್ಟದ್ದು ವ್ಯರ್ಥವಲ್ಲ.

ಹಾಗಂತ ಮ್ಯೂಸ್‌ಸ್ಕೋರ್ ದಾರಿ ಕೀಳು ಅನ್ನಲಾರೆ. ನಮ್ಮ ಕಡೆಯ ಒಂದು ಕೆಲಸಕ್ಕಂತೂ ಅದೇ ಹೆಚ್ಚು ಸಲೀಸು. ಜಂಟಿ ವರಸೆಯನ್ನು ಸ್ಟಾಫಿನಲ್ಲಿ, ಅಂದರೆ ಪಾಶ್ಚಾತ್ಯ ಲಿಪಿಯ ಐದು ಗೆರೆಗಳ ಮೇಲೆ, ಬರೆದು ನೋಡಿ. ಮಾಯಾಮಾಳವಗೌಳ, ಷಡ್ಜವನ್ನು ಸಿ ಎಂದಿಟ್ಟುಕೊಳ್ಳೋಣ. ಸಸ ರಿರಿ ಗಗ ಮಮ. ಇಲ್ಲಿ ಪ್ರತಿ ಜೋಡಿಯ ಎರಡನೇ ಸ್ವರಕ್ಕೆ ಸ್ಫುರಿತ ಬರಬೇಕು, ಅಂದರೆ ಕೆಳಗಿನ ಸ್ವರವನ್ನು ಮುಟ್ಟಿ ಒತ್ತಿ ಮೇಲೆ ಬರಬೇಕು. ಬರೀ ಸಿ ಸಿ, ಡಿ ಫ್ಲ್ಯಾಟ್ ಡಿ ಫ್ಲ್ಯಾಟ್ ಅಂತ ಬರೆದು ಪಿಯಾನೋ ಕಲಿತ ಮಗುವಿನ ಮುಂದಿಟ್ಟರೆ ಆ ಮಗು ಸಪ್ಪೆಯಾಗಿ ಎರಡೆರಡು ಸಲ ಒತ್ತುತ್ತದೆ, ವರಸೆಯ ಪ್ರಾಣವೇ ಹೋಗುತ್ತದೆ. ಎರಡನೇ ಸ್ವರದ ಹಿಂದೆ ಒಂದು ಅಚ್ಚಾಕಟೂರಾ ಇಟ್ಟರೆ ಸ್ಫುರಿತದ ಒತ್ತು ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತದೆ.

ಮ್ಯೂಸ್‌ಸ್ಕೋರ್‌ನಲ್ಲಿ ಮಾಡುವ ಬಗೆ ಹೀಗೆ. ಇಡೀ ವರಸೆಯನ್ನು ಗ್ರೇಸ್ ಇಲ್ಲದೆ ಬರೆದುಬಿಡಿ. ಕಂಟ್ರೋಲ್ ಹಿಡಿದು ಪ್ರತಿ ಜೋಡಿಯ ಎರಡನೇ ನೋಟನ್ನು ಮಾತ್ರ ಆಯ್ದುಕೊಳ್ಳಿ. ಓರೆಗೆರೆ ಕೀ ಒಂದೇ ಸಲ ಒತ್ತಿ; ಎಲ್ಲದರ ಹಿಂದೆಯೂ ಸಣ್ಣ ನೋಟ್ ಬರುತ್ತದೆ. ಉಳಿದದ್ದು ಅವನ್ನು ಕೆಳಗಿಳಿಸುವುದು. ಬಾಣದ ಕೀ ಒಂದು ಸಲಕ್ಕೆ ಅರ್ಧ ಸ್ವರದಷ್ಟು ಇಳಿಸುತ್ತದೆ. ಷಡ್ಜದ ಹಿಂದಿನದು ಕಾಕಲಿ ನಿಷಾದಕ್ಕೆ ಹೋಗಲು ಒಂದು ಸಲ, ಶುದ್ಧ ರಿಷಭದ ಹಿಂದಿನದು ಷಡ್ಜಕ್ಕೆ ಹೋಗಲು ಒಂದು ಸಲ. ಅಂತರ ಗಾಂಧಾರದ ಹಿಂದಿನದು ಶುದ್ಧ ರಿಷಭಕ್ಕೆ ಇಳಿಯಲು ಮಾತ್ರ ಮೂರು ಸಲ ಒತ್ತಬೇಕು. ಈ ಮೂರನ್ನು ಮರೆತರೆ ಗಾಂಧಾರಕ್ಕೆ ಸಾಧಾರಣ ಗಾಂಧಾರದ ನೆರಳು ಬಿದ್ದು ರಾಗವೇ ಕೆಡುತ್ತದೆ. ಒಂದು ಪಾಠದ ಪುಸ್ತಕಕ್ಕೆ ಬೇಕಾದ ಸ್ಫುರಿತಗಳನ್ನೆಲ್ಲ ಹೀಗೆ ಹೊತ್ತು ಮುಳುಗುವುದರೊಳಗೆ ಮುಗಿಸಬಹುದು.

ಸ್ವರವನ್ನು ತೂಗುವ ಕಂಪಿತಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ತೋಡಿಯ ಗಾಂಧಾರವನ್ನು ನಾಲ್ಕೈದು ಗ್ರೇಸ್ ನೋಟಿನಲ್ಲಿ ಹಿಡಿದಿಡಲು ಹೋದರೆ ಪುಟ ಕಪ್ಪಾಗುತ್ತದೆ, ಕೇಳಿದ್ದಕ್ಕೂ ಬರೆದದ್ದಕ್ಕೂ ಸಂಬಂಧವೇ ಇರುವುದಿಲ್ಲ. ಅಂಥ ಕಡೆ ಸ್ವರವನ್ನು ಬರೆದು ಮೇಲೆ ಗಮಕದ ಗುರುತು ಹಾಕುವುದೇ ಪ್ರಾಮಾಣಿಕ. ಕರ್ನಾಟಕ ಸಂಗೀತವನ್ನು ಸ್ಟಾಫಿಗೆ ತರುವ ಹಂಬಲ ಹೊಸದಲ್ಲ. ಮದರಾಸಿನಲ್ಲಿ ಚಿನ್ನಸ್ವಾಮಿ ಮೊದಲಿಯಾರ್ 1890ರ ದಶಕದಲ್ಲೇ ತ್ಯಾಗರಾಜರ ಕೃತಿಗಳನ್ನು ಹೀಗೆ ಅಚ್ಚು ಹಾಕಿಸಿದ್ದರು. ಹಿಂದೂಸ್ತಾನಿಯವರಿಗೆ ಈ ಕಲ್ಪನೆ ಇನ್ನೂ ಹತ್ತಿರದ್ದು: ಭಾತಖಂಡೆ ಲಿಪಿಯಲ್ಲಿ ಕಣ್ ಸ್ವರವನ್ನು ಮುಖ್ಯ ಸ್ವರದ ಎಡ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲೇ ಬರೆಯುತ್ತಾರೆ. ಧಾರವಾಡದ ಕಡೆ ಹಾರ್ಮೋನಿಯಂ ಕಲಿತವರು ಸ್ಟಾಫಿಗೆ ಬಂದರೆ ಗ್ರೇಸ್ ನೋಟ್ ಏನೆಂದು ವಿವರಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಲಿಲಿಪಾಂಡ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಇದರಲ್ಲಿ ಮೌಸ್ ಕೆಲಸವಿಲ್ಲ. ಸಂಗೀತವನ್ನು ಅಕ್ಷರದಲ್ಲಿ ಬರೆದರೆ ಅದು ಪುಟ ಮಾಡಿಕೊಡುತ್ತದೆ. ಬ್ಯಾಕ್‌ಸ್ಲ್ಯಾಶ್ ಹಾಕಿ ಅಚ್ಚಾಕಟೂರಾ ಅಂತ ಬರೆದು, ಗ್ರೇಸ್ ಸ್ವರ, ಮುಖ್ಯ ಸ್ವರ ಬರೆದರೆ ಮುಗಿಯಿತು. ಅಡ್ಡಗೆರೆ, ಸ್ಲರ್ (ಸ್ವರಗಳನ್ನು ಕೂಡಿಸುವ ಬಾಗುಗೆರೆ) ಎರಡೂ ತಾವಾಗಿ ಬರುತ್ತವೆ. ಅಪೊಜಟೂರಾ ಅಂದರೆ ಅಡ್ಡಗೆರೆಯಿಲ್ಲದೆ ಸ್ಲರ್ ಮಾತ್ರ. ಬರೀ ಗ್ರೇಸ್ ಅಂದರೆ ಎರಡೂ ಇಲ್ಲ. ಉಳಿದ ಮೂರರಲ್ಲೂ ಸ್ಲರ್ ಬೇಕಿದ್ದರೆ ಗ್ರೇಸ್ ಆಯ್ದು ಎಸ್ ಒತ್ತಬೇಕು. ಮೂರಕ್ಕೂ ಅದೇ ಅಕ್ಷರ ಇರುವುದು ಒಂದರಿಂದ ಇನ್ನೊಂದಕ್ಕೆ ಹೋಗುವವರಿಗೆ ಅನುಕೂಲ. ಲಿಲಿಪಾಂಡ್‌ನಲ್ಲಿ ಒಂದು ಕಡೆ ಎಚ್ಚರ ಬೇಕು. ಬಾರಿನ ಮೊದಲಿಗೇ ಒಂದು ಸ್ಟಾಫಿನಲ್ಲಿ ಗ್ರೇಸ್ ಇದ್ದು ಇನ್ನೊಂದು ಸ್ಟಾಫಿನಲ್ಲಿ ಇಲ್ಲದಿದ್ದರೆ, ಬಾರ್ ಗೆರೆ, ಕ್ಲೆಫ್, ಕೀ ಸಿಗ್ನೇಚರ್‌ಗಳು ಎಲ್ಲೆಲ್ಲೋ ಹೋಗಿ ಬೀಳುತ್ತವೆ. ಗ್ರೇಸ್ ಇಲ್ಲದ ಸ್ಟಾಫಿನಲ್ಲೂ ಅಷ್ಟೇ ಉದ್ದದ ಕಾಣದ ಗ್ರೇಸ್ ಒಂದನ್ನು ಬರೆದರೆ ಸರಿಹೋಗುತ್ತದೆ. ಇದು ಲಿಲಿಪಾಂಡ್‌ನ ಕೈಪಿಡಿಯಲ್ಲೇ ಇರುವ ಮಾತು, ಆದರೂ ಹೊಸಬರು ಮೊದಲು ಎಡವುವುದು ಇಲ್ಲೇ.

ನೋಟಿನ ನಂತರ ಬರುವ ಗ್ರೇಸ್

ಟ್ರಿಲ್ (ಪಕ್ಕದ ಎರಡು ಸ್ವರಗಳನ್ನು ಬೇಗ ಬೇಗ ಅದಲುಬದಲಾಗಿ ನುಡಿಸುವುದು) ಮುಗಿಸುವಾಗ ಕೊನೆಗೆ ಎರಡು ಸಣ್ಣ ನೋಟ್ ತಿರುವಿ ಮುಂದಿನ ಸ್ವರಕ್ಕೆ ಇಳಿಯುತ್ತೇವಲ್ಲ, ಅವು ಹಿಂದಿನ ನೋಟಿಗೆ ಸೇರಿದವು. ಬಾರ್ ಗೆರೆಯ ಈಚೆಗೇ ಇರಬೇಕು. ಸಾಫ್ಟ್‌ವೇರುಗಳು ಗ್ರೇಸನ್ನು ಮುಂದಿನ ನೋಟಿಗೆ ಕಟ್ಟುವುದರಿಂದ ಇಲ್ಲಿ ಒಂದೊಂದರ ಬುದ್ಧಿ ಒಂದೊಂದು ಥರ. ಮ್ಯೂಸ್‌ಸ್ಕೋರ್ ಇದರಲ್ಲಿ ಎಲ್ಲರಿಗಿಂತ ಸರಳ: ಪ್ಯಾಲೆಟ್‌ನಲ್ಲಿ 'ನಂತರದ ಗ್ರೇಸ್' ಅಂತಲೇ ಎಂಟನೇ, ಹದಿನಾರನೇ, ಮೂವತ್ತೆರಡನೇ ಭಾಗದ ಮೂರು ಬಗೆ ಬೇರೆಯಾಗಿ ಇವೆ. ಟ್ರಿಲ್ ಇರುವ ನೋಟನ್ನು ಆಯ್ದು ಒತ್ತಿದರೆ ಸಾಕು. ಡೋರಿಕೋದಲ್ಲಿ ಗ್ರೇಸನ್ನು ಮುಂದಿನ ನೋಟಿನ ಜಾಗದಲ್ಲೇ ಬರೆದು, ಕೆಳಗಿನ ಪ್ರಾಪರ್ಟೀಸ್ ಪಟ್ಟಿಯಲ್ಲಿ 'ಬಾರ್ ಗೆರೆಗಿಂತ ಮೊದಲು' ಅನ್ನುವುದನ್ನು ಹಚ್ಚಬೇಕು. ಗೊತ್ತಿದ್ದವರಿಗೆ ಅರೆಕ್ಷಣದ ಕೆಲಸ, ಗೊತ್ತಿಲ್ಲದವರಿಗೆ ಅರ್ಧ ಗಂಟೆಯ ಹುಡುಕಾಟ. ಲಿಲಿಪಾಂಡ್‌ನಲ್ಲಿ ಇದಕ್ಕೆಂದೇ ಆಫ್ಟರ್‌ಗ್ರೇಸ್ ಎಂಬ ಆದೇಶವಿದೆ; ಮುಖ್ಯ ನೋಟಿನ ಮುಕ್ಕಾಲು ಅವಧಿ ಕಳೆದ ಜಾಗದಲ್ಲಿ ಅದು ಗ್ರೇಸನ್ನು ಇಡುತ್ತದೆ.

ಚಿಕ್ಕ ಗಾತ್ರದ ನೋಟು, ಉದ್ದನೆಯ ಕೆಡೆಂಜಾ

ಒಂದೆರಡು ನೋಟನ್ನು ಚಿಕ್ಕದು ಮಾಡುವುದು ಎಲ್ಲದರಲ್ಲೂ ಸುಲಭ. ಮ್ಯೂಸ್‌ಸ್ಕೋರ್ ನಾಲ್ಕನೇ ಆವೃತ್ತಿಯಲ್ಲಿ ನೋಟ್ ಆಯ್ದರೆ ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಕ್ಯೂ ಸೈಜ್ ಅನ್ನುವ ಗುರುತು ಸಿಗುತ್ತದೆ. ಇನ್ನೂ ಮೂರನೇ ಆವೃತ್ತಿಯಲ್ಲೇ ಇರುವವರಿಗೆ ಇನ್‌ಸ್ಪೆಕ್ಟರ್‌ನಲ್ಲಿ ಸ್ಮಾಲ್ ಅನ್ನುವುದು ಎರಡು ಕಡೆ ಕಾಣುತ್ತದೆ, ಒಂದು ನೋಟಿಗೆ, ಇನ್ನೊಂದು ಇಡೀ ಕಾರ್ಡಿಗೆ. ನೋಟಿನದ್ದನ್ನು ಮಾತ್ರ ಹಚ್ಚಿದರೆ ತಲೆ ಸಣ್ಣದಾಗಿ ಕಡ್ಡಿ ಬೀಮುಗಳು ದೊಡ್ಡದಾಗೇ ಉಳಿದು ವಿಕಾರವಾಗಿ ಕಾಣುತ್ತದೆ. ಸಿಬೆಲಿಯಸ್‌ನಲ್ಲಿ ಆಗಲೇ ಹೇಳಿದ ಎಫ್8 ಪುಟ. ಡೋರಿಕೋದಲ್ಲಿ ಪ್ರಾಪರ್ಟೀಸ್‌ನ ಸ್ಕೇಲ್ ಅನ್ನುವಲ್ಲಿ ಗ್ರೇಸ್ ಗಾತ್ರ, ಕ್ಯೂ ಗಾತ್ರ, ಕ್ಯೂ ಒಳಗಿನ ಗ್ರೇಸ್ ಗಾತ್ರ ಅಂತ ಬೇರೆ ಬೇರೆ ಆಯ್ಕೆಗಳಿವೆ. ಪುಟ ಕಟ್ಟುವುದರಲ್ಲಿ ಅವರಿಗಿರುವ ಶ್ರದ್ಧೆ ಇಂಥ ಕಡೆ ಎದ್ದು ಕಾಣುತ್ತದೆ.

ಗಾತ್ರದ ಅಳತೆಯೂ ಒಂದೇ ಅಲ್ಲ. ಸಿಬೆಲಿಯಸ್ ತಾನಾಗಿ ಗ್ರೇಸ್ ನೋಟನ್ನು ಮಾಮೂಲಿಯ 60 ಪರ್ಸೆಂಟ್‌ಗೂ ಕ್ಯೂ ನೋಟನ್ನು 75 ಪರ್ಸೆಂಟ್‌ಗೂ ಇಳಿಸುತ್ತದೆ. ಡೋರಿಕೋದ ಗ್ರೇಸ್ ಐದರಲ್ಲಿ ಮೂರು ಪಾಲು, ಅಂದರೆ ಅದೂ 60. ಮ್ಯೂಸ್‌ಸ್ಕೋರ್ ಎರಡಕ್ಕೂ 70 ಇಟ್ಟಿದೆ. ಹಾಗಾಗಿ ಅದರಲ್ಲಿ ಗ್ರೇಸ್ ಯಾವುದು, ಲೆಕ್ಕಕ್ಕಿರುವ ಚಿಕ್ಕ ನೋಟ್ ಯಾವುದು ಅಂತ ಓದುವವರಿಗೆ ಗಾತ್ರದಿಂದ ತಿಳಿಯುವುದಿಲ್ಲ. ಒಂದೇ ಪುಟದಲ್ಲಿ ಎರಡೂ ಇದ್ದರೆ ಫಾರ್ಮ್ಯಾಟ್ ಮೆನುವಿನ ಸ್ಟೈಲ್‌ಗೆ ಹೋಗಿ, ಸೈಜಸ್ ಪುಟದಲ್ಲಿ ಗ್ರೇಸನ್ನು 60ಕ್ಕೆ ಇಳಿಸಿ. ಪುಟದ ಚಹರೆಯೇ ಬದಲಾಗುತ್ತದೆ.

ನಿಜವಾದ ಪರೀಕ್ಷೆ ಕೆಡೆಂಜಾದ್ದು. ಶೋಪ್ಯಾನನ ಓಪಸ್ 9ರ ಎರಡನೇ ನಾಕ್ಟರ್ನ್ ನುಡಿಸಿದವರಿಗೆ ಗೊತ್ತು: ಕೊನೆಯ ಹತ್ತಿರ ಕಾಲದ ಕಟ್ಟಿಲ್ಲದೆ ಬಲಗೈ ಒಂದು ಉದ್ದ ಸುರುಳಿ ಬಿಚ್ಚುತ್ತದೆ, ಅಷ್ಟೂ ಚಿಕ್ಕ ನೋಟುಗಳಲ್ಲೇ. ನೋಡಿದರೆ ಗ್ರೇಸ್ ಅನ್ನಿಸುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ಗ್ರೇಸ್ ಆಗಿಯೇ ಹಾಕಿದರೂ ಪುಟ ಪರವಾಗಿಲ್ಲ ಅನ್ನುವ ಹಾಗೆ ಬರುತ್ತದೆ. ಆದರೆ ಪ್ಲೇ ಒತ್ತಿದರೆ ಅಷ್ಟು ನೋಟುಗಳೂ ಒಂದು ಮುಖ್ಯ ನೋಟಿನ ಅವಧಿಯೊಳಗೆ ಕಿಕ್ಕಿರಿದು ಪರ್ರೆಂದು ಹರಿದ ಬಟ್ಟೆಯ ಸದ್ದು ಬರುತ್ತದೆ. ಸರಿಯಾದ ದಾರಿ ಅಂದರೆ ಮೆಷರ್ ಪ್ರಾಪರ್ಟೀಸ್‌ನಲ್ಲಿ ಆ ಬಾರಿನ ನಿಜವಾದ ಅವಧಿಯನ್ನು ಬೇಕಾದಷ್ಟು ಉದ್ದ ಮಾಡಿ, ಮಾಮೂಲಿ ನೋಟುಗಳನ್ನು ಬರೆದು, ಆಮೇಲೆ ಎಲ್ಲವನ್ನೂ ಚಿಕ್ಕದು ಮಾಡುವುದು. ಎಡಗೈ ಸಾಲಿನಲ್ಲಿ ಹೆಚ್ಚಾಗಿ ಬರುವ ರೆಸ್ಟುಗಳನ್ನು ವಿ ಒತ್ತಿ ಅಡಗಿಸಬಹುದು. ಸಿಬೆಲಿಯಸ್‌ನಲ್ಲೂ ಬಾರನ್ನು ಉದ್ದ ಮಾಡಿಯೋ, ಸಂಖ್ಯೆ ಅಡಗಿಸಿದ ಟ್ಯೂಪ್ಲೆಟ್ (ಒಂದು ಕಾಲದೊಳಗೆ ಬೇರೆ ಎಣಿಕೆಯ ನೋಟು ಕೂರಿಸುವ ಗುಂಪು) ಹಾಕಿಯೋ ಇದನ್ನು ಸಾಧಿಸಬೇಕು.

ಡೋರಿಕೋದಲ್ಲಿ ಓಪನ್ ಮೀಟರ್ ಅನ್ನುವ ಸೌಕರ್ಯವಿದೆ, ಅಂದರೆ ಬಾರಿಗೆ ಅಳತೆಯೇ ಇಲ್ಲ. ಎಷ್ಟು ನೋಟ್ ಬಂದರೂ ಬಾರ್ ಗೆರೆ ನಾವು ಹಾಕಿದ ಕಡೆಯೇ. ಲಿಲಿಪಾಂಡ್‌ನಲ್ಲಿ ಕೆಡೆಂಜಾಆನ್ ಅಂತ ಬರೆದರೆ ಎಣಿಕೆ ನಿಲ್ಲುತ್ತದೆ, ಕೆಡೆಂಜಾಆಫ್ ಅಂದರೆ ಮತ್ತೆ ಶುರು. ಅದರ ಒಳಗೆ ಮ್ಯಾಗ್ನಿಫೈ‌ಮ್ಯೂಸಿಕ್ ಎಂದು ಬರೆದು 0.63 ಕೊಟ್ಟರೆ ತಲೆ, ಕಡ್ಡಿ, ಬೀಮು ಎಲ್ಲ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ಇಂಥ ಸಂಗೀತವೇ ಹೆಚ್ಚು ಬರೆಯುವವರಾದರೆ ಡೋರಿಕೋ ಅಥವಾ ಲಿಲಿಪಾಂಡ್ ಎರಡರಲ್ಲೊಂದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೌಸ್ ಇಲ್ಲದೆ ಆಗುವುದಿಲ್ಲ ಅನ್ನುವವರಿಗೆ ಡೋರಿಕೋ, ಕೋಡ್ ಬರೆದು ಅಭ್ಯಾಸವಿರುವವರಿಗೆ ಲಿಲಿಪಾಂಡ್.

ಆರ್ಕೆಸ್ಟ್ರಾ, ಕಾಯರ್‌ಗೆ ಬರೆಯುವವರಿಗೆ

ಐವತ್ತು ಬಾರ್ ಸುಮ್ಮನೆ ಕೂತ ಟ್ರಂಪೆಟ್‌ನವರಿಗೆ ತಾವು ಸೇರುವ ಜಾಗ ತಿಳಿಯಲು ಮುಂಚಿನ ಎರಡು ಬಾರಿನಲ್ಲಿ ಓಬೋದ ಸಾಲನ್ನು ಚಿಕ್ಕದಾಗಿ ತೋರಿಸುತ್ತೇವೆ. ಇದು ಕ್ಯೂ. ಡೋರಿಕೋದಲ್ಲಿ ಶಿಫ್ಟ್ ಜೊತೆ ಯು ಒತ್ತಿ ವಾದ್ಯದ ಹೆಸರು ಕೊಟ್ಟರೆ ಕ್ಯೂ ಬರುತ್ತದೆ, ಮತ್ತು ಅದು ಮೂಲಕ್ಕೆ ಕಟ್ಟಿಕೊಂಡೇ ಇರುತ್ತದೆ. ನಾಳೆ ಓಬೋದ ಒಂದು ಸ್ವರ ತಿದ್ದಿದರೆ ಟ್ರಂಪೆಟ್ ಪುಟದಲ್ಲೂ ತಿದ್ದುಪಡಿ ಆಗುತ್ತದೆ. ಲಿಲಿಪಾಂಡ್‌ನ ಕ್ಯೂಡ್ಯೂರಿಂಗ್ ಕೂಡ ಹೀಗೆ ಮೂಲದಿಂದಲೇ ಎತ್ತಿಕೊಳ್ಳುತ್ತದೆ. ಸಿಬೆಲಿಯಸ್‌ನ ಪೇಸ್ಟ್ ಆ್ಯಸ್ ಕ್ಯೂ ಗಾತ್ರ ಇಳಿಸಿ, ವಾದ್ಯದ ಹೆಸರು ಬರೆದು, ಸದ್ದು ಅಡಗಿಸಿ ಕೊಡುತ್ತದೆ. ಆದರೆ ಅಂಟಿಸಿದ ಮೇಲೆ ಅದು ಸ್ವತಂತ್ರ ಪ್ರತಿ, ಮೂಲ ಬದಲಾದರೆ ನಾವೇ ತಿದ್ದಬೇಕು. ಮ್ಯೂಸ್‌ಸ್ಕೋರ್‌ನಲ್ಲಿ ಪ್ರತಿ ಮಾಡುವುದು, ಚಿಕ್ಕದು ಮಾಡುವುದು, ಸದ್ದು ತೆಗೆಯುವುದು, ಹೆಸರು ಬರೆಯುವುದು ಎಲ್ಲ ಕೈಯಿಂದಲೇ. ಮಂಗಳೂರಿನ ಚರ್ಚ್ ಕಾಯರ್‌ಗೆ ನಾಲ್ಕು ದನಿಯ ಹಾಡು ಜೋಡಿಸುವವರಿಗೆ ಇದು ಹೊರೆಯಲ್ಲ. ದೊಡ್ಡ ಆರ್ಕೆಸ್ಟ್ರಾಕ್ಕೆ ಬರೆಯುವವರಿಗೆ ಖಂಡಿತ ಹೊರೆ.

ಕಿವಿಗೆ ಹೇಗೆ ಕೇಳುತ್ತದೆ

ಸಿ. ಪಿ. ಇ. ಬಾಖ್ 1753ರಲ್ಲಿ ಕೀಬೋರ್ಡ್ ವಾದನದ ಬಗ್ಗೆ ಬರೆದ ನಿಯಮ ಇಂದಿಗೂ ಪಾಠದಲ್ಲಿದೆ: ಉದ್ದನೆಯ ಅಪೊಜಟೂರಾ ಮುಖ್ಯ ನೋಟಿನ ಅರ್ಧ ಕಾಲ ತೆಗೆದುಕೊಳ್ಳುತ್ತದೆ, ಆ ನೋಟಿಗೆ ಚುಕ್ಕಿಯಿದ್ದರೆ ಮೂರರಲ್ಲಿ ಎರಡು ಪಾಲು. ಮ್ಯೂಸ್‌ಸ್ಕೋರ್‌ನಲ್ಲಿ ಅಡ್ಡಗೆರೆಯಿಲ್ಲದ ಗ್ರೇಸ್ ಇಟ್ಟು ಪ್ಲೇ ಒತ್ತಿದರೆ ಇದೇ ಅರ್ಧ ಭಾಗ ಕೇಳಿಸುತ್ತದೆ. ಅಡ್ಡಗೆರೆಯಿದ್ದರೆ ತಟ್ಟನೆ ಮುಗಿಯುತ್ತದೆ. ಮೋಝಾರ್ಟ್ ಕಾಲದ ಸೊನಾಟಾ ಪ್ರತಿ ಮಾಡುವವರು ಈ ಒಂದು ಗೆರೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೂಲದಲ್ಲಿ ಇದೆಯೋ ಇಲ್ಲವೋ ನೋಡಿಯೇ ಆಯ್ಕೆ ಮಾಡಬೇಕು. ಮಕ್ಕಳು ಈಗ ಕಂಪ್ಯೂಟರ್ ನುಡಿಸಿದ್ದನ್ನು ಕೇಳಿಯೇ ಕಲಿಯುತ್ತಾರೆ, ಗೆರೆ ತಪ್ಪಿದರೆ ಅವರ ಕಿವಿಗೆ ತಪ್ಪೇ ಕೂರುತ್ತದೆ.

ಹಾಗಾದರೆ ಯಾರಿಗೆ ಯಾವುದು? ಪಿಯಾನೋ, ಪಿಟೀಲು, ಗಿಟಾರ್ ಕಲಿಸುವ ಮೇಷ್ಟ್ರುಗಳಿಗೆ, ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವವರಿಗೆ, ವರಸೆ ಗೀತೆಗಳನ್ನು ಸ್ಟಾಫಿಗೆ ತರುವವರಿಗೆ ಮ್ಯೂಸ್‌ಸ್ಕೋರ್ ಸಾಕು, ಅದೂ ಉಚಿತ. ಹಣ ಕೊಡಲು ಸಿದ್ಧವಿದ್ದು ಹೊಸದಾಗಿ ಶುರು ಮಾಡುವವರು ಡೋರಿಕೋ ನೋಡಲಿ. ಸ್ಟುಡಿಯೋದಲ್ಲಿ ಜೊತೆಯವರೆಲ್ಲ ಸಿಬೆಲಿಯಸ್ ಫೈಲ್ ಕಳಿಸುತ್ತಾರೆ ಅನ್ನುವವರು ಅದರಲ್ಲೇ ಇರುವುದು ಜಾಣತನ. ಗ್ರೇಸ್ ನೋಟಿನ ವಿಷಯದಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. ಡೋರಿಕೋ ಎಸ್‌ಇ, ಸಿಬೆಲಿಯಸ್ ಫಸ್ಟ್ ಎರಡೂ ದುಡ್ಡಿಲ್ಲದೆ ಸಿಗುವ ಮಿತ ಆವೃತ್ತಿಗಳು. ಕೊಳ್ಳುವ ಮುಂಚೆ ಅವುಗಳಲ್ಲಿ ಒಂದು ಸ್ಫುರಿತದ ಸಾಲು, ಒಂದು ಟ್ರಿಲ್‌ನ ಕೊನೆ ಬರೆದು ನೋಡಿದರೆ ಕೈಗೆ ಯಾವುದು ಒಗ್ಗುತ್ತದೆ ಅಂತ ತಿಳಿಯುತ್ತದೆ.

ಫಿನಾಲೆಯಿಂದ ಹೊರಡುವವರಿಗೆ

1988ರಿಂದ ಇದ್ದ ಫಿನಾಲೆಯ ಅಭಿವೃದ್ಧಿಯನ್ನು ಮೇಕ್‌ಮ್ಯೂಸಿಕ್ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಹಳೆಯ ಫೈಲುಗಳಿದ್ದವರು ಫಿನಾಲೆ ಇನ್ನೂ ತೆರೆಯುತ್ತಿರುವಾಗಲೇ ಎಲ್ಲವನ್ನೂ ಮ್ಯೂಸಿಕ್ಎಕ್ಸ್ಎಂಎಲ್ ಎಂಬ, ಬೇರೆ ಸಾಫ್ಟ್‌ವೇರುಗಳೂ ಓದುವ ಫೈಲ್ ಆಗಿ ತೆಗೆದಿಟ್ಟುಕೊಳ್ಳಬೇಕು. ಆ ಫೈಲಿನ ಒಳಗೆ ಗ್ರೇಸ್ ನೋಟಿಗೆ ಅವಧಿಯೇ ಬರೆದಿರುವುದಿಲ್ಲ, ಗ್ರೇಸ್ ಎಂಬ ಗುರುತು ಮತ್ತು ಅಡ್ಡಗೆರೆ ಇದೆಯೇ ಇಲ್ಲವೇ ಅನ್ನುವುದು ಮಾತ್ರ ಇರುತ್ತದೆ. ಕ್ಯೂ ನೋಟಿಗೆ ಬೇರೆ ಗುರುತಿದೆ. ಹಾಗಾಗಿ ಮಾಮೂಲಿ ಗ್ರೇಸುಗಳು ಹೊಸ ಸಾಫ್ಟ್‌ವೇರಿಗೆ ಸಾಮಾನ್ಯವಾಗಿ ಕ್ಷೇಮವಾಗಿ ಬರುತ್ತವೆ. ಫಿನಾಲೆಯ ರಿಸೈಜ್ ಟೂಲ್‌ನಿಂದ ಪರ್ಸೆಂಟ್ ಹಾಕಿ ಚಿಕ್ಕದು ಮಾಡಿದ ನೋಟುಗಳ ಮೇಲೆ ಕಣ್ಣಿಡಿ, ಅವು ಮತ್ತೆ ದೊಡ್ಡದಾಗಿ ಬಂದಿರಬಹುದು. ಫಿನಾಲೆಯಿಂದ ಪ್ರತಿ ಕೃತಿಯ ಪಿಡಿಎಫ್ ಕೂಡ ತೆಗೆದಿಟ್ಟು, ಹೊಸ ಫೈಲಿನ ಪಕ್ಕದಲ್ಲಿ ತೆರೆದು ನೋಡಿ. ಮೊದಲು ಟ್ರಿಲ್ ಇರುವ ಬಾರುಗಳು, ಆಮೇಲೆ ಕೆಡೆಂಜಾ, ಆಮೇಲೆ ಎರಡು ದನಿ ಸೇರುವ ಕಡೆ ಗ್ರೇಸಿನ ಕಡ್ಡಿ ಮೇಲಿದೆಯೋ ಕೆಳಗಿದೆಯೋ. ಕಡ್ಡಿ ತಿರುಗಿದ್ದರೆ ಮ್ಯೂಸ್‌ಸ್ಕೋರ್, ಸಿಬೆಲಿಯಸ್ ಎರಡರಲ್ಲೂ ಎಕ್ಸ್, ಡೋರಿಕೋದಲ್ಲಿ ಎಫ್ ಒತ್ತಿದರೆ ಸರಿಹೋಗುತ್ತದೆ.